ಮೋಟಾರಿಲ್ಲದ ಹಾದಿ: ಅಲೆಗೇನಿ ಪರ್ವತಗಳ ನದೀಕಣಿವೆಯಲ್ಲಿ ಸೈಕಲ್ ಯಾನ

ಬೆಟ್ಟಗಾಡಿನಲ್ಲಿ ಸೈಕಲ್ಲಿನ ಮೇಲೆ ದೂರದ ಪ್ರಯಾಣ ಕೈಗೊಳ್ಳುವವನಿಗೆ ತೊಡಕುಗಳು ಎರಡು. ಮೊದಲನೆಯದು ಏರು, ಎರಡನೆಯದು ಮೋಟಾರು ವಾಹನ. ಏರು ದೇಹವನ್ನು ದಣಿಸುತ್ತದೆ. ವಾಹನವಾದರೋ ಪ್ರಾಣಕ್ಕೇ ಸಂಚಕಾರ ತರಬಲ್ಲದು. ಬಯಲುಸೀಮೆಯಲ್ಲಿ ಒಂದು ರಸ್ತೆಯಲ್ಲಿ ದಟ್ಟಣೆ ಹೆಚ್ಚಿದರೆ ಇನ್ನೊಂದನ್ನು ಹಿಡಿಯಬಹುದು. ಪರ್ವತ ಪ್ರದೇಶದಲ್ಲಿ ಆ ಅನುಕೂಲವಿಲ್ಲ. ನದಿ ಕೊರೆದ ಕಿರಿದಾದ ಕಣಿವೆಯಲ್ಲಿ ಇರುವುದು ಬಹುಮಟ್ಟಿಗೆ ಒಂದೇ ರಸ್ತೆ. ಲಾರಿಯೂ ಬಸ್ಸೂ ಕಾರೂ ಸೈಕಲ್ಲೂ ಅದರ ಮೇಲೆಯೇ ಸಾಗಬೇಕು. ಈ ಎರಡು ತೊಡಕುಗಳನ್ನೂ ಏಕಕಾಲಕ್ಕೆ ಪರಿಹರಿಸಿದ ಹಾದಿಯೊಂದು ಅಮೆರಿಕ ಸಂಯುಕ್ತ ಸಂಸ್ಥಾನದ ಪೂರ್ವಭಾಗದಲ್ಲಿದೆ. ಅದರ ಹೆಸರು 'ಗ್ರೇಟ್ ಅಲೆಗೇನಿ ಪ್ಯಾಸೇಜ್'. ಅದು ಹೇಗೆ ಉಂಟಾಯಿತು, ಯಾರಿಂದ ಉಳಿಯಿತು ಎಂಬುದು ಸಾರ್ವಜನಿಕ ಕಾರ್ಯಗಳಲ್ಲಿ ಆಸಕ್ತಿಯುಳ್ಳವರೆಲ್ಲರೂ ತಿಳಿಯತಕ್ಕ ಸಂಗತಿ.

ಈ ಹಾದಿ ಮೇರಿಲೆಂಡ್ ರಾಜ್ಯದ ಕಂಬರ್ಲೆಂಡ್ ಪಟ್ಟಣದಿಂದ ಪೆನ್ಸಿಲ್ವೇನಿಯ ರಾಜ್ಯದ ಪಿಟ್ಸ್‌ಬರ್ಗ್ ನಗರದವರೆಗೆ 150 ಮೈಲಿ, ಅಂದರೆ ಸುಮಾರು 240 ಕಿಲೋಮೀಟರು ಹಬ್ಬಿದೆ. ಕಂಬರ್ಲೆಂಡಿನಲ್ಲಿ ಅದಕ್ಕೆ ಮತ್ತೊಂದು ಹಾದಿ ಬಂದು ಸೇರುತ್ತದೆ. ಅದು ಪೊಟೋಮ್ಯಾಕ್ ನದಿಯ ದಂಡೆಯ ಹಳೆಯ ಕಾಲುವೆಯ ಏರಿ, 184.5 ಮೈಲಿ ಸಾಗಿ ರಾಜಧಾನಿ ವಾಷಿಂಗ್ಟನ್ನನ್ನು ಮುಟ್ಟುತ್ತದೆ. ಎರಡೂ ಕೂಡಿ ಸುಮಾರು 538 ಕಿಲೋಮೀಟರುಗಳ ಈ ದೂರವನ್ನು ಸೈಕಲ್ ಸವಾರನು ಮೋಟಾರು ವಾಹನಗಳ ಜೊತೆ ದಾರಿ ಹಂಚಿಕೊಳ್ಳದೆಯೇ ಬಹುಪಾಲು ಕ್ರಮಿಸಬಹುದು. ಪಾದಚಾರಿಗಳಿಗೂ ಈ ಹಾದಿ ತೆರೆದಿದೆ.

ಪರ್ವತವನ್ನು ದಾಟುವ ದಾರಿ ಇಷ್ಟು ಸುಗಮವಾಗಿರಲು ಕಾರಣವೇನು? ಇದು ಮೂಲತಃ ರೈಲುಹಾದಿ. ಕಬ್ಬಿಣದ ಹಳಿಯ ಮೇಲೆ ಕಬ್ಬಿಣದ ಗಾಲಿಗೆ ಹಿಡಿತ ಕಡಿಮೆ. ಕಡಿದಾದ ಏರಿನಲ್ಲಿ ಭಾರದ ಗಾಡಿಗಳನ್ನು ಎಳೆಯುವ ಎಂಜಿನ್ನು ಮುಂದೆ ಸಾಗಲಾರದೆ ಜಾರುತ್ತದೆ. ಆದಕಾರಣ ರೈಲ್ವೆ ಎಂಜಿನಿಯರುಗಳು ನದಿಯ ಜಾಡನ್ನೇ ಹಿಡಿದು, ಅಡ್ಡ ಬಂದ ಗುಡ್ಡಕ್ಕೆ ಸುರಂಗವನ್ನೂ ಕೊಳ್ಳಕ್ಕೆ ಸೇತುವೆಯನ್ನೂ ನಿರ್ಮಿಸಿ, ಏರನ್ನು ದೂರದವರೆಗೆ ಹಂಚಿದರು. ವೆಸ್ಟರ್ನ್ ಮೇರಿಲೆಂಡ್ ರೈಲ್ವೆ ಕಂಪನಿಯು ಕಂಬರ್ಲೆಂಡಿನಿಂದ ಕನೆಲ್ಸ್‌ವಿಲ್‌ವರೆಗೆ ಹಾಕಿದ ಹಳಿ 1912ರಲ್ಲಿ ಸಂಚಾರಕ್ಕೆ ತೆರೆಯಿತು. ಅದರ ಮೇಲೆ ನೂರು ಅಡಿ ಮುಂದೆ ಹೋದರೆ ಏರು ಎರಡು ಅಡಿಯನ್ನು ಮೀರುವುದಿಲ್ಲ. ಪಿಟ್ಸ್‌ಬರ್ಗ್ ಕಡೆಯಿಂದ ಬರುವವರಿಗಂತೂ ಅದು ಒಂದು ಅಡಿಗೂ ಕಡಿಮೆ. ಕಲ್ಲಿದ್ದಲು ಸಾಗಿಸುವ ಎಂಜಿನ್ನಿಗಾಗಿ ಮಾಡಿದ ಈ ಲೆಕ್ಕಾಚಾರ, ಮುಂದೆ ವೃದ್ಧರ ಮತ್ತು ಬಾಲಕರ ಕಾಲಿನ ಶಕ್ತಿಗೂ ಸರಿಹೊಂದಿತು.

ಕಂಬರ್ಲೆಂಡಿನಿಂದ ಹೊರಟ ಸವಾರನು ಫ್ರಾಸ್ಟ್‌ಬರ್ಗನ್ನು ದಾಟಿ, 3,294 ಅಡಿ ಉದ್ದದ ಬಿಗ್ ಸ್ಯಾವೇಜ್ ಸುರಂಗವನ್ನು ಹೊಕ್ಕು ಹೊರಬರುತ್ತಾನೆ. ಹೊರಟಲ್ಲಿಂದ ಸುಮಾರು 24 ಮೈಲಿಯಾದಾಗ 2,392 ಅಡಿ ಎತ್ತರದ ಜಲವಿಭಾಜಕ ರೇಖೆ ಎದುರಾಗುತ್ತದೆ. ಅದರ ಈಚೆ ಬಿದ್ದ ಮಳೆ ಪೊಟೋಮ್ಯಾಕ್ ನದಿಗೆ ಇಳಿದು ಅಟ್ಲಾಂಟಿಕ್ ಸಾಗರದತ್ತ ಸಾಗುತ್ತದೆ. ಆಚೆ ಬಿದ್ದದ್ದು ಒಹಾಯೊ, ಮಿಸಿಸಿಪಿ ನದಿಗಳ ಮೂಲಕ ಮೆಕ್ಸಿಕೊ ಕೊಲ್ಲಿಯನ್ನು ಸೇರುತ್ತದೆ. ಅಲ್ಲಿಂದ ಮುಂದೆ ಇಳಿಜಾರು. ಮೈಯರ್ಸ್‌ಡೇಲ್ ಬಳಿ 1,908 ಅಡಿ ಉದ್ದದ ಸಾಲಿಸ್‌ಬರಿ ಸೇತುವೆ ಕಣಿವೆಯ ಮೇಲೆ ಚಾಚಿಕೊಂಡಿದೆ. ಅದರ ಕೆಳಗೆ ಕ್ಯಾಸಲ್‌ಮನ್ ನದಿಯೂ ಹೆದ್ದಾರಿಯೂ ಹಾದುಹೋಗುತ್ತವೆ. ಬಳಿಕ ಕ್ಯಾಸಲ್‌ಮನ್ ನದಿ ಯಾಕಗೇನಿ ನದಿಯನ್ನು ಕೂಡುವಲ್ಲಿ ಒಂದು ಚಿಕ್ಕ ಊರು. ಆ ಊರಿನ ಹೆಸರೇ 'ಕಾನ್‌ಫ್ಲುಯೆನ್ಸ್', ಎಂದರೆ ಸಂಗಮ. ಕೂಡಲಸಂಗಮವನ್ನು ಬಲ್ಲ ಕನ್ನಡಿಗನಿಗೆ ಆ ಹೆಸರು ಅಪರಿಚಿತವೆನಿಸದು. ಮುಂದೆ ಒಹಾಯೊಪೈಲ್ ಎಂಬಲ್ಲಿ ಜಲಪಾತ. ಕನೆಲ್ಸ್‌ವಿಲ್‌ನಲ್ಲಿ ಒಂದು ಕಾಲಕ್ಕೆ ಉಕ್ಕಿನ ಕುಲುಮೆಗಳಿಗೆ ಕೋಕ್ ಒದಗಿಸಿದ ನೆಲ. ಕಟ್ಟಕಡೆಗೆ ಅಲೆಗೇನಿ, ಮೊನಾಂಗಹೇಲ ನದಿಗಳು ಕೂಡಿ ಒಹಾಯೊ ಆಗುವ ಪಿಟ್ಸ್‌ಬರ್ಗಿನ ಮೂಲೆಯಲ್ಲಿ ಹಾದಿ ಕೊನೆಗೊಳ್ಳುತ್ತದೆ.

ಇಂಥ ಹಾದಿ ತಾನಾಗಿ ಉಳಿಯಲಿಲ್ಲ. ರೈಲು ಸಾಗಾಣಿಕೆ ಕುಗ್ಗಿ 1975ರಲ್ಲಿ ಈ ಮಾರ್ಗದ ಬಹುಭಾಗವನ್ನು ಕೈಬಿಡಲಾಯಿತು. ಕೈಬಿಟ್ಟ ರೈಲುಹಾದಿಗೆ ಒದಗುವ ದೊಡ್ಡ ಅಪಾಯವೆಂದರೆ ಅದು ತುಂಡುತುಂಡಾಗುವುದು. ಹಾದಿಯ ನೆಲ ಒಬ್ಬರದಲ್ಲ. ಕೆಲವೆಡೆ ಕಂಪನಿ ಭೂಮಿಯನ್ನೇ ಕೊಂಡಿರುತ್ತದೆ. ಕೆಲವೆಡೆ ರೈಲು ಓಡಿಸುವ ಹಕ್ಕನ್ನು ಮಾತ್ರ ಪಡೆದಿರುತ್ತದೆ. ರೈಲು ನಿಂತರೆ ಆ ಹಕ್ಕು ಅಳಿದು ನೆಲ ಪಕ್ಕದ ಒಡೆಯರಿಗೆ ಮರಳುತ್ತದೆ. ನಡುವೆ ಒಂದು ಸೇತುವೆಯನ್ನು ಕಿತ್ತು ಗುಜರಿಗೆ ಹಾಕಿದರೂ, ಒಂದು ಹೊಲ ಬೇಲಿಯೊಳಗೆ ಸೇರಿಕೊಂಡರೂ ಇಡೀ ದಾರಿ ನಿಷ್ಪ್ರಯೋಜಕವಾಗುತ್ತದೆ. ಒಮ್ಮೆ ಹರಿದ ಈ ಎಳೆಯನ್ನು ಮತ್ತೆ ಜೋಡಿಸುವುದು ಬಹಳ ಕಷ್ಟ.

ಇದನ್ನು ಮನಗಂಡ ಅಮೆರಿಕದ ಸಂಸತ್ತು 1983ರಲ್ಲಿ ರಾಷ್ಟ್ರೀಯ ಹಾದಿಗಳ ಕಾಯಿದೆಗೆ ತಿದ್ದುಪಡಿ ತಂದಿತು. ಅದರಂತೆ, ಕೈಬಿಡಲಿರುವ ರೈಲುಹಾದಿಯನ್ನು ಭವಿಷ್ಯದ ರೈಲಿಗಾಗಿ ಕಾಯ್ದಿರಿಸಿ, ಅಲ್ಲಿಯವರೆಗೆ ನಡಿಗೆಗೂ ಸೈಕಲ್ಲಿಗೂ ಬಳಸಲು ಅವಕಾಶವಾಯಿತು. ರೈಲಿಗೆಂದು ಕೊಟ್ಟ ನೆಲವನ್ನು ಬೇರೊಂದಕ್ಕೆ ಬಳಸುವುದು ನ್ಯಾಯವೇ ಎಂದು ಭೂಮಾಲೀಕರು ಕೇಳಿದರು. ಆ ಪ್ರಶ್ನೆಯಲ್ಲಿ ಹುರುಳಿಲ್ಲದಿರಲಿಲ್ಲ. 1990ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಕಾಯಿದೆಯನ್ನು ಎತ್ತಿಹಿಡಿದು, ನಷ್ಟವಾಯಿತೆನ್ನುವವರು ಪರಿಹಾರ ಕೇಳುವ ದಾರಿಯನ್ನೂ ತೆರೆದಿಟ್ಟಿತು.

ಕಾಯಿದೆ ಅನುವು ಮಾಡಿಕೊಡಬಲ್ಲದು. ಕೆಲಸವನ್ನು ಜನರೇ ಮಾಡಬೇಕು. ಕಾನ್‌ಫ್ಲುಯೆನ್ಸಿನಿಂದ ಕನೆಲ್ಸ್‌ವಿಲ್‌ವರೆಗಿನ ಭಾಗವನ್ನು, ಆ ಕಾಯಿದೆಗೂ ಮೊದಲೇ, ವೆಸ್ಟರ್ನ್ ಪೆನ್ಸಿಲ್ವೇನಿಯ ಕನ್ಸರ್ವೆನ್ಸಿ ಎಂಬ ನಿಸರ್ಗ ಸಂರಕ್ಷಣ ಸಂಸ್ಥೆಯು ಕೊಂಡು ಕಾಪಾಡಿತ್ತು. ಹಾದಿಯ ಮೊದಲ ತುಂಡು ಒಹಾಯೊಪೈಲ್ ಬಳಿ 1986ರಲ್ಲಿ ತೆರೆಯಿತು. ಅದೇ ವರ್ಷ, ಇದೇ ಹಾದಿ ಮುಂದೆ ಹಾದುಹೋಗಲಿದ್ದ ಹೋಮ್‌ಸ್ಟೆಡ್‌ನಲ್ಲಿ ಹೆಸರಾಂತ ಉಕ್ಕಿನ ಕಾರ್ಖಾನೆ ಮುಚ್ಚಿತು. ದುಡಿಮೆ ಕಳೆದುಕೊಂಡ ಸೀಮೆಯಲ್ಲಿ ಸೈಕಲ್ ಹಾದಿಗೆ ಹಣ ಕೇಳುವುದು ಸುಲಭವಾಗಿರಲಿಲ್ಲ. ಆದರೂ ಊರೂರಿನ ಸ್ವಯಂಸೇವಕ ಸಂಘಗಳು ತಮ್ಮ ತಮ್ಮ ತುಂಡುಗಳನ್ನು ಹಸನುಗೊಳಿಸುತ್ತ ಬಂದವು. 1995ರಲ್ಲಿ ಅಂಥ ಏಳು ಸಂಘಗಳು ಅಲೆಗೇನಿ ಟ್ರೇಲ್ ಅಲಯನ್ಸ್ ಎಂಬ ಒಕ್ಕೂಟವನ್ನು ಕಟ್ಟಿಕೊಂಡವು. ಸರ್ಕಾರದ ಅನುದಾನ, ದಾನಿಗಳ ಕೊಡುಗೆ, ಸ್ಥಳೀಯರ ಮೈದುಡಿಮೆ ಮೂರೂ ಕೂಡಿದವು. ಸೇತುವೆಗಳಿಗೆ ಹೊಸ ಹಾಸು ಬಂತು. ಶಿಥಿಲವಾಗಿದ್ದ ಸುರಂಗ ದುರಸ್ತಿಯಾಯಿತು. ಹಳಿಯಿದ್ದ ಕಡೆ ಸುಣ್ಣಕಲ್ಲಿನ ಪುಡಿ ಹಾಸಿ ನೆಲವನ್ನು ಗಟ್ಟಿಮಾಡಲಾಯಿತು. ಪಿಟ್ಸ್‌ಬರ್ಗಿನ ಸಮೀಪದ ಕೊನೆಯ ತುಂಡು ಸೇರಿ ಹಾದಿ ಪೂರ್ಣಗೊಂಡದ್ದು 2013ರಲ್ಲಿ. ಮೊದಲ ತುಂಡಿನಿಂದ ಕೊನೆಯ ತುಂಡಿಗೆ 27 ವರ್ಷಗಳು ಸಂದಿದ್ದವು.

ಕಂಬರ್ಲೆಂಡಿನಿಂದಾಚೆಯ ಕಾಲುವೆಯ ಕಥೆಯೂ ಇಂಥದೇ. 1828ರಲ್ಲಿ ಆರಂಭವಾದ ಚೆಸಪೀಕ್ ಮತ್ತು ಒಹಾಯೊ ಕಾಲುವೆ 1850ರಲ್ಲಿ ಕಂಬರ್ಲೆಂಡನ್ನು ತಲುಪಿತು. ಹೇಸರಗತ್ತೆಗಳು ದಂಡೆಯ ಮೇಲೆ ನಡೆಯುತ್ತ ದೋಣಿಗಳನ್ನು ಎಳೆಯುತ್ತಿದ್ದವು. 1924ರ ಪ್ರವಾಹ ಅದರ ಸಂಚಾರವನ್ನು ನಿಲ್ಲಿಸಿತು. 1938ರಲ್ಲಿ ಸರ್ಕಾರ ಕಾಲುವೆಯನ್ನು ಕೊಂಡಿತು. ತರುವಾಯ ಅದರ ಜಾಡಿನಲ್ಲಿ ಮೋಟಾರು ರಸ್ತೆ ನಿರ್ಮಿಸುವ ಸೂಚನೆ ಹೊರಟಿತು. 'ವಾಷಿಂಗ್ಟನ್ ಪೋಸ್ಟ್' ಪತ್ರಿಕೆ 1954ರಲ್ಲಿ ಅದನ್ನು ಬೆಂಬಲಿಸಿ ಬರೆದಾಗ, ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ವಿಲಿಯಂ ಡಗ್ಲಾಸ್ ಅವರು ಆ ದಾರಿಯಲ್ಲಿ ತಮ್ಮೊಡನೆ ನಡೆದು ನೋಡುವಂತೆ ಸಂಪಾದಕರನ್ನು ಆಹ್ವಾನಿಸಿದರು. ಆ ಮಾರ್ಚಿಯಲ್ಲಿ ಕಂಬರ್ಲೆಂಡಿನಿಂದ ಎಂಟು ದಿನಗಳ ನಡಿಗೆ ನಡೆಯಿತು. ಹೊರಟ ಹಲವರಲ್ಲಿ ಪೂರ್ತಿ ದೂರ ನಡೆದವರು ಒಂಬತ್ತು ಮಂದಿ. ಪತ್ರಿಕೆ ತನ್ನ ನಿಲುವನ್ನು ಸಡಿಲಿಸಿತು. 1971ರಲ್ಲಿ ಕಾಲುವೆ ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾಯಿತು. ಅಂದು ಆ ರಸ್ತೆ ಆಗಿದ್ದರೆ ಇಂದು ವಾಷಿಂಗ್ಟನ್ನಿನವರೆಗೆ ಸೈಕಲ್ ಹಾದಿಯೇ ಇರುತ್ತಿರಲಿಲ್ಲ.

ಈ ಹಾದಿಗೂ ಮಿತಿಗಳುಂಟು. ಮಂಜುಗಡ್ಡೆಯಿಂದ ಹಾನಿಯಾಗದಂತೆ ಬಿಗ್ ಸ್ಯಾವೇಜ್ ಸುರಂಗದ ಬಾಗಿಲನ್ನು ಚಳಿಗಾಲದುದ್ದಕ್ಕೂ ಮುಚ್ಚಲಾಗುತ್ತದೆ. ಕಾಲುವೆಯ ಏರಿ ಮಳೆ ಬಂದಾಗ ಕೆಸರಾಗುತ್ತದೆ. ಪ್ರವಾಹಕ್ಕೆ ಸಿಕ್ಕಿ ದಂಡೆ ಕೊಚ್ಚಿಹೋಗುವುದುಂಟು. ಬಿದ್ದ ಮರಗಳನ್ನು ಪ್ರತಿವರ್ಷವೂ ತೆರವುಗೊಳಿಸಬೇಕು. ಕಟ್ಟುವ ಉತ್ಸಾಹ ಒಂದು ಸಮಾರಂಭದೊಡನೆ ಮುಗಿದುಬಿಡಬಹುದು. ಕಾಯುವ ಕೆಲಸಕ್ಕೆ ಮುಕ್ತಾಯವಿಲ್ಲ. ಸಂಘಗಳ ಸದಸ್ಯರು ಇಂದಿಗೂ ಸಲಿಕೆ ಗರಗಸಗಳನ್ನು ಹಿಡಿದು ಹಾದಿಗೆ ಇಳಿಯುತ್ತಾರೆ. ಅದನ್ನು ಕಾಯಕವೆಂದು ಕರೆದರೆ ತಪ್ಪಾಗದು.

ರೈಲಿನೊಡನೆ ಬಡವಾದ ಮೈಯರ್ಸ್‌ಡೇಲ್, ಕಾನ್‌ಫ್ಲುಯೆನ್ಸ್ ಮೊದಲಾದ ಚಿಕ್ಕ ಊರುಗಳಲ್ಲಿ ಈಗ ಸವಾರರಿಗೆ ಊಟ, ವಸತಿ, ಸೈಕಲ್ ರಿಪೇರಿ ಒದಗಿಸುವ ಜೀವನೋಪಾಯಗಳು ಹುಟ್ಟಿಕೊಂಡಿವೆ. ಹಿಂದಿನ ಉಕ್ಕಿನ ಕಾಲದ ಸಂಪತ್ತು ಇದರಿಂದ ಮರಳಿಲ್ಲ. ಆದರೂ ಊರ ಬೀದಿಯಲ್ಲಿ ಮತ್ತೆ ಪ್ರಯಾಣಿಕರ ಓಡಾಟವಿದೆ. ಲಾಭ ನಿಂತಾಗ ಕಂಪನಿ ಬಿಟ್ಟುಹೋದ ದಾರಿಯನ್ನು, ಲಾಭದ ನಿರೀಕ್ಷೆಯಿಲ್ಲದವರು ಎತ್ತಿಕೊಂಡು ಎಲ್ಲರದನ್ನಾಗಿಸಿದರು. ಅವರಲ್ಲಿ ಹಣ ಕೊಟ್ಟವರುಂಟು, ನೆಲ ಬಿಟ್ಟುಕೊಟ್ಟವರುಂಟು, ಬಿಡುವಿನ ದಿನಗಳನ್ನು ಕೊಟ್ಟವರುಂಟು. ಆ ಹಾದಿಯಲ್ಲಿ ನಿರ್ಭಯವಾಗಿ ಸೈಕಲ್ ತುಳಿಯುವ ಬಾಲಕನಿಗೆ ಅವರಾರ ಹೆಸರೂ ತಿಳಿಯದು. ಅವನು ಸುಖವಾಗಿ ಊರು ಮುಟ್ಟಿದರೆ ಅವರ ದಾನ ಸಂದಂತೆಯೇ ಸರಿ.