ಕವರ್ ಕೊಟ್ಟವನಿಗೆ ದಂಡ, ಪ್ಯಾಕೆಟ್ ಮಾಡಿದವನಿಗೆ ಪ್ರಮಾಣಪತ್ರ

ದಿನಸಿ ಅಂಗಡಿಯವನು ಮೂಟೆಯಿಂದ ಅರ್ಧ ಕಿಲೊ ತೊಗರಿಬೇಳೆ ತೂಗಿ, ಹಿಡಿಯಿರುವ ತೆಳು ಕವರ್‌ಗೆ ಹಾಕಿ ಕೊಟ್ಟರೆ ಅದು ಅಪರಾಧ. ಅದೇ ಬೇಳೆ, ಅಷ್ಟೇ ತೂಕ, ಕಂಪನಿಯ ಹೆಸರು ಅಚ್ಚಾದ ಪ್ಲಾಸ್ಟಿಕ್ ಪ್ಯಾಕೆಟ್ಟಿನಲ್ಲಿ ಪಕ್ಕದ ಶೆಲ್ಫಿನಿಂದ ಬಂದರೆ ಸಕ್ರಮ ವ್ಯಾಪಾರ. ಎರಡೂ ಕೊನೆಗೆ ಸೇರುವುದು ಒಂದೇ ಕಸದ ಬುಟ್ಟಿಗೆ. ಈ ಭೇದ ಯಾವುದೋ ಅಧಿಕಾರಿಯ ಮರ್ಜಿಯಿಂದ ಹುಟ್ಟಿದ್ದಲ್ಲ, ನಿಯಮದ ಒಳಗೇ ಇದೆ. ಕ್ಯಾರಿಬ್ಯಾಗ್ ಎಂದರೇನು ಎಂದು ವಿವರಿಸುವ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು, ಬಳಕೆಗೆ ಮುನ್ನವೇ ಸರಕು ತುಂಬಿ ಸೀಲ್ ಮಾಡಿದ ಪೊಟ್ಟಣವನ್ನು ಆ ವಿವರಣೆಯಿಂದ ಹೊರಗಿಟ್ಟಿವೆ. ಅರ್ಧ ಸಾಲಿನ ಈ ವಿನಾಯಿತಿಯಿಂದಾಗಿ ನಮ್ಮ ಪ್ಲಾಸ್ಟಿಕ್ ಕಾನೂನಿನ ಭಾರವೆಲ್ಲ ಬಿಡಿ ಮಾಲು ಮಾರುವವನ ಕಡೆಗೆ ವಾಲಿದೆ. ಸಣ್ಣ ವ್ಯಾಪಾರಿಗೆ ಕಾನೂನು ಬಿಗಿಯಾಯಿತು ಎಂದು ದೂರುವವರಿದ್ದಾರೆ. ನನ್ನ ತಕರಾರು ಬಿಗಿಯ ಬಗ್ಗೆ ಅಲ್ಲ, ಅದು ಯಾರ ಕೊರಳಿಗೆ ಬಿದ್ದಿದೆ ಎಂಬುದರ ಬಗ್ಗೆ.

ಕರ್ನಾಟಕ 2016ರ ಮಾರ್ಚ್ 11ರಂದು ಹೊರಡಿಸಿದ ಅಧಿಸೂಚನೆಯಲ್ಲಿ ದಪ್ಪದ ಮಾತೇ ಇಲ್ಲ. ಕ್ಯಾರಿಬ್ಯಾಗ್, ಫ್ಲೆಕ್ಸ್, ತಟ್ಟೆ, ಲೋಟ, ಚಮಚ, ಊಟದ ಮೇಜಿಗೆ ಹಾಸುವ ಹಾಳೆ ಇವೆಲ್ಲ ಎಷ್ಟೇ ದಪ್ಪವಿದ್ದರೂ ನಿಷಿದ್ಧ. ಕೇಂದ್ರ ಹಿಡಿದದ್ದು ಮೈಕ್ರಾನ್ ಲೆಕ್ಕದ ದಾರಿ: 1999ರಲ್ಲಿ ಕನಿಷ್ಠ 20, 2011ರಲ್ಲಿ 40, 2016ರಲ್ಲಿ 50, 2021ರ ಸೆಪ್ಟೆಂಬರ್ ಕೊನೆಗೆ 75, 2022ರ ಡಿಸೆಂಬರ್ 31ರಿಂದ 120. ಇದರ ಹಿಂದಿನ ತರ್ಕ ಸರಿಯಾಗಿಯೇ ಇದೆ. ಕವರ್ ಹೋಲ್‌ಸೇಲ್‌ನಲ್ಲಿ ಕಿಲೊ ಲೆಕ್ಕದಲ್ಲಿ ಸಿಗುವ ಮಾಲು. ತೆಳುವಾದಷ್ಟೂ ಕಿಲೊಗೆ ಹೆಚ್ಚು ಕವರ್ ಬರುತ್ತದೆ, ಹೆಚ್ಚು ಬಂದಷ್ಟೂ ಪುಕ್ಕಟೆ ಕೊಡುವುದು ಸುಲಭ. ದಪ್ಪ ಮಾಡಿದರೆ ಒಂದೊಂದಕ್ಕೂ ಬೆಲೆ ಬರುತ್ತದೆ, ಚಿಂದಿ ಆಯುವವರಿಗೂ ಬಗ್ಗಿ ಎತ್ತಿಕೊಳ್ಳಲು ಕಾರಣ ಸಿಗುತ್ತದೆ. ಆದರೆ ಗಲ್ಲಾದ ಹಿಂದೆ ಕೂತವನ ಪಾಡು ನೋಡಿ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. 50 ಯಾವುದು, 75 ಯಾವುದು ಎಂದು ಬೆರಳಿಗೆ ತಿಳಿಯದು. ತಯಾರಕನ ಹೆಸರು, ನೋಂದಣಿ ಸಂಖ್ಯೆ, ದಪ್ಪ ಮೂರೂ ಕವರ್ ಮೇಲೆ ಅಚ್ಚಾಗಿರಬೇಕು ಎಂಬ ನಿಯಮವಿದೆ. ಅಚ್ಚಾಗಿದೆ ಎಂದೇ ಇಟ್ಟುಕೊಳ್ಳೋಣ, 120 ಎಂದು ಬರೆದಿದ್ದರೂ ಕರ್ನಾಟಕದಲ್ಲಿ ಅದು ನಡೆಯುವುದಿಲ್ಲ. ಬಟ್ಟೆ ಚೀಲ ಎಂದು ನಂಬಿ ತಂದಿಟ್ಟ ನಾನ್‌ವೋವನ್ ಚೀಲವೂ ಬಹುಮಟ್ಟಿಗೆ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕೇ. ತಪಾಸಣೆಗೆ ಬಂದವರು ಹೇಳುವವರೆಗೆ ಎಷ್ಟೋ ಅಂಗಡಿಯವರಿಗೆ ಅದು ಗೊತ್ತಿರುವುದಿಲ್ಲ.

ಕವರ್‌ಗೆ ಬೆಲೆ ಕಟ್ಟುವ ಪ್ರಯತ್ನವನ್ನೂ ನಾವು ಮಾಡಿದ್ದೇವೆ, ಅದೂ ವಿಚಿತ್ರ ರೀತಿಯಲ್ಲಿ. 2016ರ ಕೇಂದ್ರ ನಿಯಮದಂತೆ, ಪ್ಲಾಸ್ಟಿಕ್ ಕವರ್ ಕೊಡಬಯಸುವ ಅಂಗಡಿ ಸ್ಥಳೀಯ ಸಂಸ್ಥೆಯಲ್ಲಿ ನೋಂದಾಯಿಸಿಕೊಂಡು ವರ್ಷಕ್ಕೆ ಕನಿಷ್ಠ 48,000 ರೂಪಾಯಿ ಕಟ್ಟಬೇಕಿತ್ತು. ದೊಡ್ಡ ಮಾಲ್‌ಗೆ ಇದೊಂದು ಖರ್ಚೇ ಅಲ್ಲ. ತಿಂಗಳಿಗೆ 4,000ದಂತೆ ಕಟ್ಟಬೇಕಾದ ತರಕಾರಿ ಅಂಗಡಿಗೆ ಬಾಗಿಲು ಹಾಕಿಕೋ ಎಂದಂತೆ. 2018ರ ತಿದ್ದುಪಡಿಯಲ್ಲಿ ಈ ನಿಯಮ ಬಿದ್ದುಹೋಯಿತು, ಅದರ ಜಾಗಕ್ಕೆ ಹದವಾದ ಇನ್ನೊಂದು ಬರಲಿಲ್ಲ.

ಹಾಗಾದರೆ ಅಂಗಡಿಯವನ ತಂಟೆಗೇ ಹೋಗಬಾರದೆ? ಚರಂಡಿ ಕಟ್ಟಿಕೊಳ್ಳುವುದು, ದನದ ಹೊಟ್ಟೆ ಸೇರುವುದು ಅವನು ಕೊಟ್ಟ ಕವರೇ ಅಲ್ಲವೆ? ಹೌದು, ಅವನ ಪಾಲೂ ಇದೆ. ಆದರೆ ಗಲ್ಲಾದ ಬಳಿ ನಿಂತು ಫಲ ಕಂಡ ಕಾನೂನು ಹೇಗಿತ್ತು ಎಂಬುದಕ್ಕೆ ಐರ್ಲೆಂಡ್ ಉದಾಹರಣೆ. 2002ರ ಮಾರ್ಚ್‌ನಲ್ಲಿ ಅಲ್ಲಿ ಪ್ರತಿ ಕವರ್‌ಗೆ 15 ಸೆಂಟ್ ಕರ ಹಾಕಿದರು. ಅದನ್ನು ತೆರಬೇಕಾದವನು ಗಿರಾಕಿ, ಹಣ ಹೋಗುತ್ತಿದ್ದುದು ಪರಿಸರ ನಿಧಿಗೆ. ಬಳಕೆ ಸುಮಾರು ಶೇ 90ರಷ್ಟು ಇಳಿಯಿತು. ಇದಕ್ಕಿಂತ ಮುಖ್ಯವಾದದ್ದು ಆ ಕರದಲ್ಲಿದ್ದ ವಿನಾಯಿತಿ. ಬಿಡಿಯಾಗಿ ಮಾರುವ ಹಣ್ಣು, ತರಕಾರಿ, ಮೀನು, ಮಾಂಸ ಹಾಕಿಕೊಡುವ ಸಣ್ಣ ಚೀಲಕ್ಕೆ ಕರವಿರಲಿಲ್ಲ. ಅವರು ಬಿಡಿ ವ್ಯಾಪಾರವನ್ನು ಉಳಿಸಿಕೊಂಡು ಕವರ್ ಚಟ ಬಿಡಿಸಿದರು. ನಾವು ವಿನಾಯಿತಿಯನ್ನು ಸೀಲ್ ಮಾಡಿದ ಪ್ಯಾಕೆಟ್ಟಿಗೆ ಕೊಟ್ಟು ಬಿಡಿ ವ್ಯಾಪಾರಿಯನ್ನು ಹಿಡಿದೆವು.

ಕಂಪನಿಗಳಿಗೂ ಹೊಣೆ ಇದೆಯಲ್ಲ ಎಂಬ ಉತ್ತರ ಬರುತ್ತದೆ. ಇದೆ. ಮಾರುಕಟ್ಟೆಗೆ ಬಿಟ್ಟ ಪ್ಲಾಸ್ಟಿಕ್ಕಿಗೆ ಲೆಕ್ಕ ಹಾಕಿ ಅಷ್ಟನ್ನು ಮರುಬಳಕೆಗೆ ಒಪ್ಪಿಸುವ ಇಪಿಆರ್ ವ್ಯವಸ್ಥೆಗೆ 2022ರ ಫೆಬ್ರವರಿಯಲ್ಲಿ ಸ್ಪಷ್ಟ ಮಾರ್ಗಸೂಚಿ ಬಂತು. ಕಂಪನಿ ತಾನೇ ಕಸ ಎತ್ತಬೇಕಿಲ್ಲ, ಮರುಬಳಕೆ ಘಟಕದಿಂದ ಪ್ರಮಾಣಪತ್ರ ಕೊಂಡರೆ ಸಾಕು. 2023ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಲೆಕ್ಕ ತಾಳೆ ನೋಡಿದಾಗ ಗುಜರಾತ್, ಮಹಾರಾಷ್ಟ್ರ, ಕರ್ನಾಟಕದ ಕೆಲವೇ ಘಟಕಗಳು ಸುಮಾರು 6 ಲಕ್ಷ ನಕಲಿ ಪ್ರಮಾಣಪತ್ರ ಸೃಷ್ಟಿಸಿದ್ದು ಬೆಳಕಿಗೆ ಬಂತು. ಒಂದು ಕಡೆ ಕವರ್ ಕಟ್ಟು ಕಣ್ಣಿಗೆ ಬಿದ್ದರೆ ಸ್ಥಳದಲ್ಲೇ ರಸೀದಿ ಹರಿಯುತ್ತಾರೆ. ಇನ್ನೊಂದು ಕಡೆ ಎಲ್ಲವೂ ಪೋರ್ಟಲ್‌ನಲ್ಲಿ ಕಾಗದದ ಮೇಲೆ ಕಾಗದ. ಜನ ವಿಶ್ವಾಸ ಕಾಯ್ದೆಯ ಮೂಲಕ ಪರಿಸರ ಸಂರಕ್ಷಣಾ ಕಾಯ್ದೆಯ ಜೈಲು ಶಿಕ್ಷೆಗೆ ಬದಲಾಗಿ 10,000ದಿಂದ 15 ಲಕ್ಷ ರೂಪಾಯಿವರೆಗೆ ದಂಡ ಬಂದಿದೆ. ಆ ಕೆಳಮಿತಿಯೇ ಸಣ್ಣ ಅಂಗಡಿಯ ಬಂಡವಾಳ ಅಲ್ಲಾಡಿಸಬಲ್ಲದು. ಮೇಲ್ಮಿತಿ ದೊಡ್ಡ ಕಂಪನಿಗೆ ಒಂದು ದಿನದ ಜಾಹೀರಾತಿನ ದುಡ್ಡೂ ಅಲ್ಲ.

ಸೀಲ್ ಮಾಡಿದ ಪ್ಯಾಕೆಟ್ ಶುಚಿತ್ವಕ್ಕೆ ಬೇಕೇ ಬೇಕು ಎನ್ನುವುದು ಗಟ್ಟಿಯಾದ ಆಕ್ಷೇಪ. ಹಾಲಿನ ವಿಷಯದಲ್ಲಿ ಅದನ್ನು ಒಪ್ಪದೆ ವಿಧಿಯಿಲ್ಲ. ಶಾಂಪೂ ಸ್ಯಾಷೆಗೆ ಈ ವಾದ ಹೊಂದುವುದಿಲ್ಲ, ತೊಳೆದೇ ಬೇಯಿಸುವ ಬೇಳೆಗೂ ಅಷ್ಟಾಗಿ ಹೊಂದುವುದಿಲ್ಲ. ಆರೋಗ್ಯದ ಕಾರಣಕ್ಕೇ ಸರ್ಕಾರ ಪ್ಲಾಸ್ಟಿಕ್ ಬೇಡ ಎಂದ ಉದಾಹರಣೆಯೂ ಇದೆ: 2025ರ ಫೆಬ್ರವರಿ ಕೊನೆಗೆ, ಇಡ್ಲಿ ಬೇಯಿಸುವಾಗ ತಟ್ಟೆಗೆ ಪ್ಲಾಸ್ಟಿಕ್ ಹಾಳೆ ಹಾಸುವುದನ್ನು ರಾಜ್ಯದ ಆರೋಗ್ಯ ಇಲಾಖೆ ತಡೆಯಹೊರಟಿತು. ಅದು ಸರಿಯಾದ ಹೆಜ್ಜೆ, ಹತ್ತಿ ಬಟ್ಟೆ ಇರುವಾಗ ಬಿಸಿ ಆವಿಗೆ ಪ್ಲಾಸ್ಟಿಕ್ ಒಡ್ಡುವುದಕ್ಕೆ ನೆಪವೇ ಇಲ್ಲ. ಅಲ್ಲೂ ನೋಟಿಸ್ ಹೋದದ್ದು ಹೋಟೆಲಿನವನಿಗೆ ಎಂಬುದು ಬೇರೆ ಮಾತು. ಕಂಪನಿಯ ಪೊಟ್ಟಣಕ್ಕೆ ಕೈ ಹಾಕುವುದು ಆಗದ ಕೆಲಸ ಎನ್ನುವಂತೆಯೂ ಇಲ್ಲ. ಗುಟ್ಕಾ, ಪಾನ್ ಮಸಾಲಾ, ತಂಬಾಕನ್ನು ಪ್ಲಾಸ್ಟಿಕ್ ಸ್ಯಾಷೆಯಲ್ಲಿ ತುಂಬಬಾರದು ಎಂದು ಇದೇ ನಿಯಮಗಳು ಹೇಳಿವೆ.

ಮಿಕ್ಕ ಸ್ಯಾಷೆಗಳ ಕಥೆ ಹೀಗೆ. ಮರುಬಳಕೆಯಾಗದ ಬಹುಪದರ ಪ್ಲಾಸ್ಟಿಕ್ಕನ್ನು ಎರಡು ವರ್ಷದಲ್ಲಿ ಕೈಬಿಡಬೇಕು ಎಂದು 2016ರ ಮಾರ್ಚ್ 18ರ ನಿಯಮ ಗಡುವು ಕೊಟ್ಟಿತ್ತು. ಗಡುವು ಮುಗಿದ ತಿಂಗಳಲ್ಲೇ, 2018ರ ಮಾರ್ಚ್ 27ರಂದು, ಆ ಸಾಲಿಗೆ ತಿದ್ದುಪಡಿ ಬಂತು. ಸುಟ್ಟು ಶಕ್ತಿ ಪಡೆಯಲು ಬರುವಂಥದ್ದು, ಬೇರೆ ಯಾವುದಾದರೂ ಉಪಯೋಗಕ್ಕೆ ಒದಗುವಂಥದ್ದು ನಿಷೇಧದಿಂದ ಪಾರಾಯಿತು. ಸಿಮೆಂಟ್ ಕುಲುಮೆಯಲ್ಲಿ ಉರಿಯದ ಪ್ಲಾಸ್ಟಿಕ್ ಯಾವುದಿದೆ? ಅಂಗಡಿಯ ಮುಂದೆ ಮಾಲೆಯಂತೆ ತೂಗುವ ಶಾಂಪೂ, ಕಾಫಿಪುಡಿ, ಮಸಾಲೆ ಸ್ಯಾಷೆಗಳು ಇಂದಿಗೂ ಕಾನೂನುಬದ್ಧವಾಗಿಯೇ ತೂಗುತ್ತಿವೆ. ಕವರ್ ವಿಷಯದಲ್ಲಿ ಅಂಗಡಿಯವನಿಗೆ ಇಂಥ ತಿದ್ದುಪಡಿ ಸಿಕ್ಕಿಲ್ಲ, ಸಿಗಬೇಕೆಂದು ನಾನು ಕೇಳುತ್ತಲೂ ಇಲ್ಲ. 2016ರ ಆ ಎರಡು ವರ್ಷದ ಗಡುವನ್ನು ಮೊದಲಿದ್ದ ಮಾತಿನಲ್ಲೇ ವಾಪಸು ತರಲಿ.