ಒಂದು ವಚನ, ಒಂದು ಕಾಗದ

ಕ್ರೈಸ್ತರ ಮನೆಗಳ ಕ್ಯಾಲೆಂಡರುಗಳಲ್ಲಿ ಆಗಾಗ ಕಾಣುವ ಬೈಬಲ್ ವಚನವೊಂದು ಯೆರೆಮೀಯನ ಗ್ರಂಥದ 29ನೇ ಅಧ್ಯಾಯದ್ದು. ದೇವರ ಯೋಜನೆ ಒಳಿತಿನದು ಎಂಬುದು ಅದರ ಸಾರ. ಪರೀಕ್ಷೆಗೆ ಹೊರಟವರೂ ಕೆಲಸ ಹುಡುಕುವವರೂ ಅದನ್ನು ತಮಗೇ ಬರೆದದ್ದೆಂಬಂತೆ ಓದುವುದುಂಟು.

ವಾಸ್ತವವಾಗಿ ಅದು ಒಂದು ಕಾಗದದ ತುಣುಕು. ಕ್ರಿ.ಪೂ. 597ರಲ್ಲಿ ಜೆರುಸಲೇಮಿನಿಂದ ಬ್ಯಾಬಿಲೋನಿಗೆ ಸೆರೆ ಹೋದವರಿಗೆ ಪ್ರವಾದಿ ಬರೆದದ್ದು. ಬೇಗನೆ ಊರಿಗೆ ಮರಳಬಹುದೆಂಬ ಮಾತನ್ನು ನಂಬದೆ, ಅಲ್ಲೇ ಮನೆ ಕಟ್ಟಿ ತೋಟ ಮಾಡಲು ಹಿಂದಿನ ವಚನಗಳು ಹೇಳುತ್ತವೆ. ಬಿಡುಗಡೆಗೆ 70 ವರ್ಷ. ಎಂದರೆ, ಕೇಳಿದವರಲ್ಲಿ ಹೆಚ್ಚಿನವರು ಅದನ್ನು ಕಾಣುವಂತಿರಲಿಲ್ಲ. ಭರವಸೆ ಒಬ್ಬೊಬ್ಬರಿಗಲ್ಲ, ಇಡೀ ಜನಕ್ಕೆ.

ಸಂಪಾಜೆ ಇರುವ ಸುಳ್ಯ ಸೀಮೆಗೆ ಇಂಥ ಬದುಕು ಅಪರಿಚಿತವಲ್ಲ. 1964ರ ಸಿರಿಮಾವೊ-ಶಾಸ್ತ್ರಿ ಒಪ್ಪಂದದ ನಂತರ ಶ್ರೀಲಂಕೆಯಿಂದ ಬಂದ ತಮಿಳು ಕುಟುಂಬಗಳು ಇಲ್ಲಿನ ಸರಕಾರಿ ರಬ್ಬರ್ ತೋಟಗಳಲ್ಲಿ ನೆಲೆಯೂರಿದವು. ಆದರೂ ಎರಡೂ ಒಂದೇ ಅಲ್ಲ. ಅವರು ಬಂದದ್ದು ಪೂರ್ವಿಕರ ದೇಶಕ್ಕೆ. ಯೆಹೂದ್ಯರು ಹೋದದ್ದು ಗೆದ್ದವರ ನಾಡಿಗೆ. ಹೋಲಿಕೆ ಅರ್ಥದ ಬಾಗಿಲು ತೆರೆಯುತ್ತದೆ, ಅರ್ಥವೇ ಆಗುವುದಿಲ್ಲ.

ಯಾರು ಬರೆದರು, ಯಾರಿಗೆ, ಯಾವ ಸಂಕಟದಲ್ಲಿ, ಹಿಂದುಮುಂದೆ ಏನಿದೆ? ಇಷ್ಟು ಕೇಳಿಕೊಂಡರೆ ವಚನದ ಸಾಂತ್ವನ ಕುಗ್ಗುವುದಿಲ್ಲ. ಸುಲಭದ ಆಶ್ವಾಸನೆಯ ಜಾಗದಲ್ಲಿ ಕಾಯುವ ಧೈರ್ಯ ಸಿಗುತ್ತದೆ.