ಬಿಡಿ ಪತ್ರಕರ್ತನ ಹೊಣೆ

“ಪತ್ರಿಕೆಗೆ ಬರೆಯುತ್ತೀಯಂತೆ, ಯಾವ ಪತ್ರಿಕೆಯಲ್ಲಿ ಕೆಲಸ?” ಎಂದು ಸಹಪಾಠಿಗಳು ನನ್ನನ್ನು ಕೇಳುವುದುಂಟು. ಯಾವುದರಲ್ಲಿಯೂ ಅಲ್ಲ. ನಾನು ಬಿಡಿ ಪತ್ರಕರ್ತ. ಎಂದರೆ, ತಿಂಗಳ ಸಂಬಳವಿಲ್ಲ. ಅಚ್ಚಾದ ಲೇಖನಕ್ಕೆ ಮಾತ್ರ ಸಂಭಾವನೆ. ವಿಷಯವನ್ನು ಹುಡುಕುವವನೂ ನಾನೇ, ಬಸ್ಸಿನ ಖರ್ಚು ಕೊಡುವವನೂ ನಾನೇ, ಬರೆದುದು ನಿಜವೆ ಎಂದು ಪರೀಕ್ಷಿಸಬೇಕಾದವನೂ ನಾನೇ. ಈ ಕೊನೆಯದು ಎಷ್ಟು ದೊಡ್ಡ ಹೊಣೆಯೆಂಬುದನ್ನು ನಮ್ಮ ಸಕಲೇಶಪುರದ ಘಟ್ಟವೇ ನನಗೆ ಕಲಿಸಿತು.

ಸಕಲೇಶಪುರಕ್ಕೂ ಸುಬ್ರಹ್ಮಣ್ಯ ರೋಡ್ ನಿಲ್ದಾಣಕ್ಕೂ ನಡುವೆ ರೈಲುದಾರಿಯಲ್ಲಿ 57 ಸುರಂಗಗಳೂ 109 ಸೇತುವೆಗಳೂ ಇವೆ. 1979ರಲ್ಲಿ ತೆರೆದ ಈ ಮೀಟರ್ ಗೇಜ್ ಮಾರ್ಗವನ್ನು ಬ್ರಾಡ್ ಗೇಜಿಗೆ ಬದಲಿಸುವಾಗ ಗಾಡಿಗಳು ಕೆಲವು ವರ್ಷ ನಿಂತಿದ್ದವು. ಹಳಿಯ ಮೇಲೆ ನಡೆಯುವ ಚಾರಣಿಗರಿಗೆ ಆಗ ಭಯವಿರಲಿಲ್ಲ. 2007ರ ಡಿಸೆಂಬರಿನಿಂದ ಪ್ರಯಾಣಿಕರ ಗಾಡಿಗಳೂ ಓಡತೊಡಗಿದವು. ಆದರೆ ಹಳಿಯ ನಡಿಗೆಯ ಹೊಗಳಿಕೆ ಮಾತ್ರ ಲೇಖನದಿಂದ ಲೇಖನಕ್ಕೆ ಇಳಿಯುತ್ತಲೇ ಬಂದಿತು. ನನ್ನ ಮೊದಲ ಪ್ರವಾಸಲೇಖನದಲ್ಲಿ ನಾನೂ ಅದನ್ನೇ ಒಂದು ಸಾಲಾಗಿ ಬರೆದೆ.

ಅದನ್ನೋದಿದ ನನ್ನ ಸೋದರಮಾವನ ಮಗ ಗೆಳೆಯರೊಡನೆ ಹೊರಟೇಬಿಟ್ಟ. ಸುರಂಗದ ನಡುವೆ ಸರಕಿನ ಗಾಡಿ ಎದುರಾಯಿತು. ಗೋಡೆಗೆ ಅಂಟಿ ನಿಂತು ಉಳಿದುಕೊಂಡರು. ಮನೆಗೆ ಬಂದವನು, “ನೀವೇ ಬರೆದಿದ್ದಿರಲ್ಲ, ಭಾವ” ಎಂದಷ್ಟೇ ಅಂದ. ಅಪ್ಪಣೆಯಿಲ್ಲದೆ ಹಳಿಯ ಮೇಲೆ ನಡೆಯುವುದು 1989ರ ರೈಲ್ವೆ ಕಾಯಿದೆಯಂತೆ ಅಪರಾಧವೆಂಬುದನ್ನು ನಾನು ಆಮೇಲೆ ಓದಿ ತಿಳಿದೆ.

ಊಟದ ವಿಷಯವೂ ಹೀಗೆಯೇ. ಮಳೆಗಾಲದ ಕಳಲೆ ಪಲ್ಯದ ರುಚಿಯನ್ನು ವರ್ಣಿಸುವುದು ಸುಲಭ. ಆದರೆ ಹಸಿ ಕಳಲೆಯಲ್ಲಿ ಸಯನೈಡ್ ವಿಷವನ್ನು ಹೊರಬಿಡುವ ಅಂಶವಿದೆ. ನಮ್ಮ ಅಜ್ಜಿಯಂದಿರು ಅದನ್ನು ಹೆಚ್ಚಿ, ದಿನವೂ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಯಲು ಬಿಟ್ಟು, ಬಳಿಕ ಚೆನ್ನಾಗಿ ಬೇಯಿಸುತ್ತಾರೆ. ಪೇಟೆಯ ಓದುಗರಿಗೆ ಬರೆಯುವವನು ಇದನ್ನು ಬಿಡುವಂತಿಲ್ಲ.

ಇನ್ನು ಆನೆಯ ಮಾತು. ಆಲೂರು, ಸಕಲೇಶಪುರಗಳ ಕಾಫಿ ತೋಟದ ಮುಂಜಾನೆಯ ಮಂಜನ್ನು ಹೊಗಳದ ಪ್ರವಾಸಲೇಖನವಿಲ್ಲ. ಮೈಸೂರು ದಸರೆಯಲ್ಲಿ ಎಂಟು ಬಾರಿ ಅಂಬಾರಿ ಹೊತ್ತ ಅರ್ಜುನನೆಂಬ ಆನೆ 2023ರ ಡಿಸೆಂಬರ್ 4ರಂದು ನಮ್ಮ ಯಸಳೂರು ವಲಯದಲ್ಲಿ, ಕಾಡಾನೆ ಹಿಡಿಯುವ ಕಾರ್ಯಾಚರಣೆಯ ವೇಳೆ, ಸಲಗವೊಂದರ ಎದುರು ಕಾದಾಡಿ ಮಡಿಯಿತು. ಪಳಗಿದ ಆನೆಗೇ ಹೀಗಾದರೆ, ನಸುಕಿನಲ್ಲಿ ತೋಟದೊಳಗೆ ಒಬ್ಬನೇ ಸುತ್ತುವ ಪ್ರವಾಸಿಯ ಗತಿಯೇನು? ಆನೆಗಳ ಸುಳಿವು ಈಗ ಮೊಬೈಲಿಗೆ ಸಂದೇಶವಾಗಿ ಬರುವುದುಂಟು. ಆದರೂ ತೋಟದವರನ್ನು ಕೇಳದೆ ಹೊರಡಬಾರದೆಂದು ನಾನು ಪ್ರತಿ ಸಲವೂ ಬರೆಯುತ್ತೇನೆ.

ಪ್ರವಾಸ, ಊಟ, ಸಾರ್ವಜನಿಕ ಸುರಕ್ಷತೆ ಎಂದು ಪತ್ರಿಕೆಗಳು ಬೇರೆ ಬೇರೆ ಅಂಕಣ ಮಾಡಿರಬಹುದು. ಬರೆಯುವವನಿಗೆ ಮೂರೂ ಒಂದೇ. ಮಿತ್ರರೆ, ನಿಮ್ಮಲ್ಲಿ ಯಾರಾದರೂ ಈ ವೃತ್ತಿಗೆ ಬರುವುದಾದರೆ ದೊಡ್ಡ ಬಂಡವಾಳವೇನೂ ಬೇಡ. ಬರೆಯುವ ಮೊದಲು ಹಳಿ ಕಾಯುವವನನ್ನು, ಅಡುಗೆ ಮಾಡುವವಳನ್ನು, ಅರಣ್ಯದ ವಾಚರನನ್ನು ಒಂದು ಮಾತು ಕೇಳಿ. ನಾನು ಅಂದು ಕೇಳಲಿಲ್ಲ.